ಶಿವಗಂಗಾನ ಕೂಸಿಗೊಂದು ಸಂದೇಶ

ಬೆಳಗಿನ ಆರು ಗಂಟೆ. ಕಲಘಟಗಿ ತಾಲೂಕಿನ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದಲ್ಲಿ ತಬಸುಮ್ ಕಂಪ್ಯೂಟರಿನ ಧೂಳನ್ನು ದುಪಟ್ಟಾದಿಂದ ಒರೆಸುತ್ತಾರೆ. ಇವತ್ತು ಗುರುವಾರ, ಲಸಿಕೆಯ ದಿನ. ಜನ ಹೊಲಕ್ಕೆ ಹೊರಡುವ ಮುಂಚೆ ನಲವತ್ತೆರಡು ತಾಯಂದಿರ ಮೊಬೈಲಿಗೆ ಸಂದೇಶ ಮುಟ್ಟಬೇಕು. ಒಂದು ಹೆಸರಿನ ಮೇಲೆ ಅವರ ಕಣ್ಣು ನಿಲ್ಲುತ್ತದೆ: ಶಿವಗಂಗಾ.

"ಇವತ್ತರ ಕೂಸಿನ್ನ ಕರಕೊಂಡ ಬರ್ತಾರೋ ಇಲ್ಲೋ," ಎನ್ನುತ್ತಾರೆ.

ಹನ್ನೊಂದು ವರ್ಷದಿಂದ ಇಲ್ಲಿ ದಾಖಲೆ ಬರೆಯುವವರು ತಬಸುಮ್. ಮೊದಲು ಪ್ರತಿ ಸಂದೇಶವನ್ನೂ ಬೇರೆಬೇರೆಯಾಗಿ ಟೈಪ್ ಮಾಡುತ್ತಿದ್ದರು. ಎರಡು ತಾಸು ಹಿಡಿಯುತ್ತಿತ್ತು. ಎಲ್ಲರಿಗೂ ಒಂದೇ ಸಂದೇಶ ಸಾಕಲ್ಲವೇ ಎಂದರೆ, "ಹೆಸರ ಹಿಡದ ಕರದ್ರ ಬರೂದ ಬ್ಯಾರೆ ರೀ," ಎನ್ನುತ್ತಾರೆ. ಅದಕ್ಕಾಗಿಯೇ ಮೊಬೈಲಿನಲ್ಲಿ ಪಾಠ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತರು. ಈಗ ಸಂಜೆ ಊರಿನ ಮೂವರು ಹುಡುಗಿಯರಿಗೂ ಕಲಿಸುತ್ತಾರೆ.

"ವಾಕ್ಯ ಒಂದ ಸಲ ಬರೀರಿ. ಹೆಸರ ಬರೂ ಜಾಗಾದಾಗ ಸುರುಳಿ ಕಂಸ ಹಾಕಿ, ಒಳಗ 'ತಾಯಿ' ಅನ್ರಿ. ಪಟ್ಟಿಯೊಳಗಿನ ಹೆಸರು ಒಂದೊಂದ ಬಂದ ಅಲ್ಲಿ ಕುಂದರತೈತಿ. ವಾಕ್ಯದ ಮುಂದ ಎಫ್ ಅಕ್ಷರ ಮರತ್ರೋ, ಹೆಸರ ಬದಲಿ ಕಂಸಾನ ಹೋಗತೈತಿ ನೋಡ್ರಿ!"

ತಬಸುಮ್ ಮರೆತದ್ದು ಬೇರೆ. ಸಂದೇಶದಲ್ಲಿ ಕೂಸಿನ ಹೆಸರಿಗೂ ಒಂದು ಜಾಗ ಇಟ್ಟಿದ್ದರು. ಶಿವಗಂಗಾಳ ಕೂಸನ್ನು ಇನ್ನೂ ತೊಟ್ಟಿಲಿಗೆ ಹಾಕಿ ಹೆಸರಿಟ್ಟಿರಲಿಲ್ಲ. ಹೋದ ತಿಂಗಳ ಸಂದೇಶದಲ್ಲಿ ಆ ಜಾಗ ಬರಿದಾಗಿಯೇ ಹೋಯಿತು. ಕೂಸಿನ ಅಜ್ಜಿ ರಾಮವ್ವ ಅದನ್ನು ಅಪಶಕುನವೆಂದು ಬಗೆದು, ಒಂದೂವರೆ ತಿಂಗಳ ಲಸಿಕೆಗೆ ಕೂಸನ್ನು ಹೊಸ್ತಿಲು ದಾಟಿಸಲಿಲ್ಲ.

ವಿಷಯ ತಿಳಿದು ತಬಸುಮ್ ರಾಮವ್ವನ ಮನೆಗೆ ನಡೆದೇ ಹೋದರು.

"ಜಾಗಾ ಬರಿದ ಬಿಟ್ಟೀಯಲ್ಲ ಬೇ, ನಮ್ಮನ್ಯಾಗ ಕೂಸ ಇಲ್ಲಂತ ತಿಳದಿಯೇನ?" ಎಂದು ರಾಮವ್ವ ಸಿಟ್ಟಾದರು.

ಕಂಪ್ಯೂಟರಿನ ಮೇಲೆ ತಪ್ಪು ಹೊರಿಸಬಹುದಿತ್ತು. "ತಪ್ಪು ನಂದ ರೀ ಅವ್ವಾರ," ಎಂದಷ್ಟೇ ಹೇಳಿ, ರಾಮವ್ವ ಬೈಯುತ್ತಲೇ ಕೊಟ್ಟ ಚಹಾ ಕುಡಿದು ಬಂದರು. ಅಂದೇ ಪೈಥಾನಿನಲ್ಲಿ ಎರಡು ಸಾಲು ಸೇರಿಸಿದರು: ಹೆಸರಿನ ಖಾನೆ ಖಾಲಿ ಇದ್ದರೆ ಅಲ್ಲಿ ತಾಯಿಯ ಹೆಸರು, ಜೊತೆಗೆ 'ಕೂಸು'.

ಹನ್ನೊಂದಕ್ಕೆ ನಲವತ್ತೊಂದು ಕೂಸುಗಳ ಲಸಿಕೆ ಮುಗಿದಿದೆ. ತಬಸುಮ್ ಮತ್ತೆಮತ್ತೆ ಬಾಗಿಲು ನೋಡುತ್ತಾರೆ. ಕೊನೆಗೆ ರಾಮವ್ವ ಬರುತ್ತಾರೆ, ಕೌದಿಯಲ್ಲಿ ಸುತ್ತಿದ ಕೂಸಿನೊಂದಿಗೆ. ಹಿಂದೆಯೇ ಶಿವಗಂಗಾ, ನಗು ತಡೆಯುತ್ತ. ರಾಮವ್ವ ಮೊಬೈಲನ್ನು ಮುಂದೆ ಹಿಡಿಯುತ್ತಾರೆ.

"'ಶಿವಗಂಗಾನ ಕೂಸು' ಅಂತ ಬಂದೈತಿ. 'ರಾಮವ್ವನ ಮೊಮ್ಮಗಳು' ಅಂತ ಬರಿಯಾಕ ನಿನ್ನ ಕಂಪ್ಯೂಟರಿಗೆ ಬರೂದಿಲ್ಲೇನ?"

ತಬಸುಮ್ ಎದ್ದು ಕೂಸನ್ನು ಎತ್ತಿಕೊಳ್ಳುತ್ತಾರೆ.

"ಬರತೈತ್ರಿ ಅವ್ವಾರ. ಮುಂದಿನ ಸಲಕ್ಕ ಅಜ್ಜಿಗೂ ಒಂದ ಖಾನೆ ಮಾಡತೇನಿ."