ಸೆರಗಿನೊಳಗಿದ್ದ ಸೆನ್ಸರ್

ಆ ಹುಡುಗಿ ನೋಡಿದ್ದಳು, ನೋಡಿಯೂ ಬಾಯಿ ಬಿಡಲಿಲ್ಲ. ಆದದ್ದು ಇಷ್ಟೇ. ಉಳಿದದ್ದೆಲ್ಲ ಇಂಗ್ಲಿಷು.

ಹೋದ ಚಳಿಗಾಲದ ಮಾತು. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ನನ್ನದೊಂದು ಇಡ್ಲಿ ಬಂಡಿ. ರಾಯಚೂರು ಕಡೆಯಿಂದ ಮದುವೆಯಾಗಿ ಬಂದವಳು ನಾನು. ಗಂಡನ ದುಡಿಮೆ ನಿಂತ ಮೇಲೆ ಈ ಬಂಡಿಯೇ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಸಾಕಿತು. ಪಕ್ಕದಲ್ಲಿ ನೂಕಮ್ಮ ಹೂವು ಮಾರುತ್ತಾಳೆ. ನಮ್ಮ ಬೆನ್ನಿಗೆ ದೊಡ್ಡ ಬಟ್ಟೆ ಅಂಗಡಿ. ಕರೆಂಟು ಹೋದಾಗಲೆಲ್ಲ ಅದರ ಜನರೇಟರ್ ಗುಡುಗುತ್ತದೆ. ಹೊಗೆ ಬಿಡುವ ಪೈಪು ಸರಿಯಾಗಿ ಕೂತವರ ಮುಖಕ್ಕೇ ಬಾಯಿ ತೆರೆದಿದೆ. ನೂಕಮ್ಮನಿಗೆ ಉಬ್ಬಸ. ಪೈಪು ಮೇಲಕ್ಕೆ ಏರಿಸಿ ಎಂದರೆ, ಹೊಗೆ ನಿಮ್ಮ ಒಲೆಯದೇ ಎನ್ನುತ್ತಿದ್ದ ಅಂಗಡಿಯ ಯಜಮಾನ. ನನ್ನದು ಗ್ಯಾಸಿನ ಒಲೆ.

ಆಗ ಬಂದವಳು ಶಿಲ್ಪಾ. ಹುಬ್ಬಳ್ಳಿಯವಳು, ವಿಶಾಖಪಟ್ಟಣದಲ್ಲಿ ಗಾಳಿ ಅಳೆಯುವ ಸೆನ್ಸರ್ ಮಾಡುವ ಒಂದು ಸಣ್ಣ ಕಂಪನಿಯ ಇಂಜಿನಿಯರು. ನನ್ನ ತೆಲುಗು ಕೇಳಿದ ಕೂಡಲೇ ನಕ್ಕಳು.

“ಅಜ್ಜಿ, ನೀವು ನಮ್ಮ ಕಡೆಯವ್ರ ಅದೀರಿ!”

ಇಲ್ಲಿ ಕನ್ನಡ ಕಿವಿಗೆ ಬಿದ್ದರೆ ನಾನು ಎರಡು ಇಡ್ಲಿ ಹೆಚ್ಚು ಹಾಕುವವಳು. ಹಾಕಿದೆ.

ಅವಳು ಕೊಟ್ಟದ್ದು ಸೋಪಿನ ಡಬ್ಬಿಯಷ್ಟು ಯಂತ್ರ. ಒಳಗೊಂದು ಪುಟ್ಟ ಫ್ಯಾನು ಗಾಳಿ ಎಳೆಯುತ್ತದೆ, ಕಣ್ಣಿಗೆ ಕಾಣದ ಧೂಳನ್ನು ಸೆನ್ಸರ್ ಅಳೆಯುತ್ತದೆ. ಊರಿನ ಗಾಳಿಯಲ್ಲ, ಒಬ್ಬ ಮನುಷ್ಯ ದಿನವಿಡೀ ಉಸಿರಾಡುವ ಗಾಳಿ. ಅದಕ್ಕೆ ಪರ್ಸನಲ್ ಎಕ್ಸ್‌ಪೋಶರ್ ಎನ್ನುತ್ತಾರಂತೆ.

“ಒಂದು ವಾರ ಹಾಕ್ಕೊಳ್ರಿ ಅಜ್ಜಿ. ಹೊಗಿ ಎಷ್ಟು ಅಂತ ಇದರಾಗ ಬರ್ತೈತಿ. ಅದನ್ನ ತೋರ್ಸಿ ಪೈಪ್ ಎತ್ತಸೋಣು.”

ಸೆರಗಿಗೆ ಸಿಕ್ಕಿಸಿ, ಫೋಟೋ ತೆಗೆದುಕೊಂಡು ಹೋದಳು. ಅವಳು ಬೆನ್ನು ತಿರುಗಿಸಿದ್ದೇ ನೂಕಮ್ಮ, “ಲೋಪಲ ಪೆಟ್ಟುಕೋ ಪಿನ್ನಿ, ಎವಡೋ ಕೊಟ್ಟೇಸ್ತಾಡು” ಎಂದಳು. ಒಳಗಿಟ್ಟುಕೋ ಚಿಕ್ಕಮ್ಮಾ, ಯಾರಾದರೂ ಹೊಡೆದುಕೊಂಡು ಹೋದಾರು. ನನಗೂ ಸರಿ ಎನ್ನಿಸಿತು. ವಡೆಯ ಎಣ್ಣೆ ಸಿಡಿಯುವ ಜಾಗ, ಇನ್ನೊಬ್ಬರ ವಸ್ತು. ಬೆಲೆಬಾಳುವುದನ್ನು ನಾವು ಸೆರಗಿನೊಳಗೇ ಇಡುವವರು. ಎರಡು ಮಡಿಕೆಯೊಳಗೆ ಸೇರಿಸಿದೆ.

ಶಿಲ್ಪಾ ದಿನಾ ಬಂದಳು. ಸೆರಗು ಉಬ್ಬಿದ್ದನ್ನು ನೋಡಿದಳು, ಚಾರ್ಜು ಮಾಡಿಕೊಟ್ಟಳು, ಇಡ್ಲಿ ತಿಂದಳು. ಒಮ್ಮೆಯೂ ಹೊರಗಿಡಿ ಎನ್ನಲಿಲ್ಲ.

ವಾರದ ಪರೀಕ್ಷೆ ಮುಗಿದ ಮೇಲೆ ಕಂಪನಿಯವರು ನನ್ನನ್ನು ರೈಲಿನಲ್ಲಿ ವಿಶಾಖಪಟ್ಟಣಕ್ಕೆ ಕರೆದೊಯ್ದರು. ಎಸಿ ಕೋಣೆ, ಗೋಡೆಯ ಮೇಲೆ ನನ್ನದೇ ದೊಡ್ಡ ಚಿತ್ರ. ಮೊದಲ ದಿನದ್ದು, ಯಂತ್ರ ಸೆರಗಿನ ಹೊರಗೆ. ಶಿಲ್ಪಾ ಇಂಗ್ಲಿಷಿನಲ್ಲಿ ಮಾತಾಡಿದಳು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಆಮೇಲೆ ಪಕ್ಕದವರನ್ನು ಕೇಳಿದೆ, ಪೈಪಿನ ಮಾತು ಬಂತಾ ಎಂದು.

“ಪೈಪಾ? ಮೀ ದಗ್ಗರ ಗಾಲಿ ಬಾನೇ ಉಂದಂಟಮ್ಮಾ.”

ನಮ್ಮ ಹತ್ತಿರ ಗಾಳಿ ಚೆನ್ನಾಗಿಯೇ ಇದೆಯಂತೆ. ಎರಡು ಮಡಿಕೆ ಸೆರಗಿನೊಳಗೆ ಹೊಗೆ ಎಲ್ಲಿಂದ ಹೋಗಬೇಕು? ಈ ಮಾತು ಅಂಗಡಿಯವನ ಕಿವಿಗೆ ಬಿದ್ದರೆ ನೂಕಮ್ಮನ ಉಬ್ಬಸವನ್ನು ಕೇಳುವವರೇ ಇಲ್ಲ. ಶಿಲ್ಪಾಳನ್ನು ಹೊರಗೆ ಮೆಟ್ಟಿಲ ಹತ್ತಿರ ನಿಲ್ಲಿಸಿದೆ.

“ಒಳಗ ಇಟ್ಟಿದ್ದು ನೀ ನೋಡಿದ್ದಿಲ್ಲೇನು?”

“ನೋಡಿದ್ದೆ ಅಜ್ಜಿ. ಹೊರಗಿಟ್ರ ಜನರೇಟರ್ ಹೊಗಿಗೆ ರೀಡಿಂಗ್ ಕುಣೀತಿತ್ತು. ಮಷಿನ್ನೇ ಸರಿ ಇಲ್ಲ ಅಂತಿದ್ರು ನಮ್ಮ ಸರ್. ನಿಮ್ಮದು ಛಲೋ ಸ್ಥಿರ ಬಂತು.”

“ಹೆಣಾನೂ ಸ್ಥಿರಾನ ಇರ್ತೈತಿ.”

“ನಾ ಸುಳ್ಳು ಹೇಳಿಲ್ರಿ ಅಜ್ಜಿ.”

“ಕನ್ನಡದಾಗ ಹೇಳಿಲ್ಲ.”

ಮುಂದಿನ ಸುತ್ತಿಗೆ ನೂಕಮ್ಮನ ಸರದಿ. ಹಾಗಾಗಿ ಶಿಲ್ಪಾ ನನ್ನ ರೈಲಿನಲ್ಲೇ ವಿಜಯವಾಡಕ್ಕೆ ಬಂದಳು. ಬಂಡಿ ಹಾಕಿ ಇಷ್ಟು ವರ್ಷಕ್ಕೆ ಇದೊಂದು ಕಲಿತೆ: ನಮ್ಮ ಭಾಷೆಯವರಿಗೆ ಇಡ್ಲಿ ಹೆಚ್ಚು ಹಾಕಬಹುದು, ಕಣ್ಣು ಮುಚ್ಚಿಕೊಳ್ಳಬಾರದು.

ಮರುದಿನ ಬೆಳಿಗ್ಗೆ ನೂಕಮ್ಮ ಯಂತ್ರ ಇಸಿದುಕೊಂಡು, ನನ್ನಿಂದಲೇ ಕಲಿತಂತೆ, ಸೆರಗಿನೊಳಗೆ ಸೇರಿಸಿದಳು. ಶಿಲ್ಪಾ ನನ್ನ ಮುಖ ನೋಡಿದಳು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದೆ. ಯಂತ್ರವನ್ನು ಹೊರಗೆಳೆದು ನೂಕಮ್ಮನ ಹೆಗಲ ಮೇಲೆ, ಮೂಗಿಗೆ ಹತ್ತಿರ, ಭದ್ರವಾಗಿ ಚುಚ್ಚಿದೆ. ಸ್ಟೂಲು ಎಳೆದು ಪೈಪಿನ ಬಾಯಿಗೆ ಎದುರಾಗಿ ಹಾಕಿ ಶಿಲ್ಪಾಳಿಗೆ ತೋರಿಸಿದೆ.

“ಕೂಡು. ಕರೆಂಟು ಹೋಗಿ ಬರೋತನಕ ಏಳಬ್ಯಾಡ.”

ಕೂತಳು. ಅವತ್ತು ಅವಳಿಗೆ ಇಡ್ಲಿ ಹಾಕಲಿಲ್ಲ.