ತನ್ನ ಚೀಲಕ್ಕೆ ಕಡ್ಡಿ ಚುಚ್ಚಬಾರದು

ಬುಧವಾರ ಮಧ್ಯಾಹ್ನ ಗಾಲ್ಫ್ ಮೈದಾನದ ಹನ್ನೊಂದನೇ ಹೋಲಿನಲ್ಲಿ ಯಲ್ಲೇಶ್ ಹೊಡೆದ ಚೆಂಡು ಎಲ್ಲಿ ಬಿತ್ತೆಂದು ಹುಲುಗಪ್ಪನಿಗೆ ಕಾಣಲಿಲ್ಲ. ಕಾಣಲಿಲ್ಲವೆಂದು ಅವನು ಹೇಳಲೂ ಇಲ್ಲ.

"ಎಲ್ಲಿ ಬಿತ್ತಣ್ಣ?" ಯಲ್ಲೇಶ್ ಕೇಳಿದ. ಬಿಸಿಲು ಅವನ ಕಣ್ಣಿಗೆ ನೇರವಾಗಿ ಹೊಡೆಯುತ್ತಿತ್ತು.

"ಬಲಕ್ಕ ಸರ್. ಜಾಲಿ ಗಿಡದ ಬುಡಕ."

ಇಬ್ಬರೂ ಜಾಲಿ ಗಿಡದ ಸುತ್ತ ಹುಡುಕಿದರು. ಹುಲುಗಪ್ಪ ಹೆಗಲ ಮೇಲಿನ ಚೀಲ ಇಳಿಸಿ, ಮೊಣಕಾಲೂರಿ ಹುಲ್ಲನ್ನು ಕೈಯಿಂದ ಸವರಿದ. ಚೆಂಡು ಸಿಕ್ಕಿದ್ದು ಎಡಕ್ಕೆ, ಐವತ್ತು ಹೆಜ್ಜೆ ಆಚೆ, ಕೆಂಪು ಕಲ್ಲುಗಳ ಸಂದಿಯಲ್ಲಿ. ಕಂಡವನು ಯಲ್ಲೇಶನೇ. ಅವನು ಅದನ್ನು ಎತ್ತಿ ಪ್ಯಾಂಟಿಗೆ ಒರೆಸಿಕೊಂಡು, "ಗಾಳಿ ಭಾಳ ಐತಿ. ನನಗೂ ಕಾಣ್ಲಿಲ್ಲ ಬಿಡಣ್ಣ" ಎಂದ.

ಆ ಹೊತ್ತಿನಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಅದು ಅಭ್ಯಾಸದ ದಿನವಾದ್ದರಿಂದ ನಷ್ಟವೇನೂ ಆಗಲಿಲ್ಲ. ಆದರೆ ಗುರುವಾರ ಬೆಳಗಾದರೆ ಪಂದ್ಯ. ಆಗ ಚೆಂಡು ಹುಡುಕಲು ಮೂರು ನಿಮಿಷ ಮಾತ್ರ. ಸಿಗದಿದ್ದರೆ ದಂಡ ತೆತ್ತು, ಹಿಂದಕ್ಕೆ ನಡೆದು ಮತ್ತೆ ಹೊಡೆಯಬೇಕು. ನಾಲ್ಕು ದಿನದ ಆಟದಲ್ಲಿ ಅಂಥ ಒಂದು ದಂಡ ಸಾಕು, ಗೆಲ್ಲುವವನು ಹತ್ತನೆಯವನಾಗಲು. ಯಲ್ಲೇಶನಿಗೆ ನಲವತ್ತಮೂರು ವರ್ಷ. ವರ್ಷದ ಪಟ್ಟಿಯಲ್ಲಿ ಮೊದಲ ಅರವತ್ತು ಜನಕ್ಕೆ ಮಾತ್ರ ಮುಂದಿನ ವರ್ಷ ಆಡುವ ಹಕ್ಕು. ಅವನು ಎಪ್ಪತ್ತೊಂದನೆಯವನಾಗಿದ್ದ, ಮತ್ತು ಇದು ವರ್ಷದ ಕೊನೆಯ ಪಂದ್ಯವಾಗಿತ್ತು.

ಹುಲುಗಪ್ಪ ಕಂಪ್ಲಿ ಹತ್ತಿರದ ಎಮ್ಮಿಗನೂರಿನವನು. ಅವನ ಅಪ್ಪ ಭತ್ತದ ಗದ್ದೆಗಳಿಗೆ ಕಾಲುವೆ ನೀರು ಕಟ್ಟುತ್ತಿದ್ದ. ಮಗನೂ ಹತ್ತು ವರ್ಷದವನಿರುವಾಗಲೇ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಯಾವ ಮಡಿಗೆ ನೀರು ತಾನಾಗಿ ಹೋಗುತ್ತದೆ, ಯಾವುದಕ್ಕೆ ಬದು ಒಡೆಯಬೇಕು ಎಂಬುದನ್ನು ಅಂಗಾಲಿನಿಂದ ಕಲಿತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ, ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ, ಗುಡ್ಡದ ಮಗ್ಗುಲಿಗೆ ಕಂಪನಿಯೊಂದು ಗಾಲ್ಫ್ ಮೈದಾನ ಮಾಡುತ್ತಿದೆ, ಹುಲ್ಲು ನೆಡಲು ಆಳು ಬೇಕಂತೆ ಎಂಬ ಸುದ್ದಿ ಕೇಳಿ ಬಂದ. ಅದಿರು ರಾಶಿ ಹಾಕಿದ್ದ ನೆಲ ಅದು. ಒಂದು ಅಡಿ ಅಗೆದರೆ ಕೈಯೆಲ್ಲ ಕುಂಕುಮ. ಹದಿನೆಂಟು ಹೋಲುಗಳ ಹುಲ್ಲನ್ನೂ ಅವನು ಮತ್ತು ಅವನ ಹೆಂಡತಿ ಭರಮಮ್ಮ ಉಳಿದವರ ಜೊತೆ ಕೂತು ಕೈಯಿಂದಲೇ ನೆಟ್ಟರು. ಆಮೇಲೆ ಅವಳು ಕಳೆ ಕೀಳುವ ಕೆಲಸಕ್ಕೆ ಉಳಿದಳು. ಅವನು ಆಟಗಾರರ ಚೀಲ ಹೊರುವ ಕ್ಯಾಡಿಯಾದ.

ಚೀಲ ಹೊರುವುದಷ್ಟೇ ಕ್ಯಾಡಿಯ ಕೆಲಸವಲ್ಲ. ಗಾಳಿ ಹೇಳಬೇಕು, ದೂರ ಹೇಳಬೇಕು, ಹೋದ ಚೆಂಡಿನ ಮೇಲಿನ ಕಣ್ಣು ಕೀಳಬಾರದು. ಕೊನೆಗೆ ಚೆಂಡು ಗ್ರೀನ್ ಎಂಬ ನುಣುಪಾದ ಹುಲ್ಲಿನ ಮೇಲೆ ಬಂದು ನಿಂತಾಗ, ಕುಳಿಯ ಕಡೆಗೆ ಅದು ಎತ್ತ ವಾಲುತ್ತದೆ ಎಂಬುದನ್ನೂ ಹೇಳಬೇಕು. ಆ ಕೊನೆಯ ಮಾತಿನಲ್ಲಿ ಹುಲುಗಪ್ಪನನ್ನು ಮೀರಿಸಿದವರು ಆ ಮೈದಾನದಲ್ಲಿ ಯಾರೂ ಇರಲಿಲ್ಲ.

ಒಂದೂವರೆ ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿಯಿತು. ಹೊಸಪೇಟೆಯ ಡಾಕ್ಟರು ಬೆಳಕು ಬಿಟ್ಟು ನೋಡಿ, ಕಣ್ಣಿನ ಹಿಂದಿನ ಪರದೆ ಹಾಳಾಗಿದೆ, ಇರುವಷ್ಟನ್ನು ಕಾಪಾಡಿಕೊಳ್ಳಬೇಕು ಎಂದರು. ಮನುಷ್ಯರು ಕಾಣುತ್ತಿದ್ದರು, ಗುಡ್ಡ ಕಾಣುತ್ತಿತ್ತು. ಆಕಾಶಕ್ಕೆ ಏರಿದ ಚೆಂಡು ಮಾತ್ರ ನೀರಿಗೆ ಬಿದ್ದ ಉಪ್ಪಿನ ಹಾಗೆ ಕರಗಿಹೋಗುತ್ತಿತ್ತು. ಇದು ಭರಮಮ್ಮನಿಗೆ ಬಿಟ್ಟು ಯಾರಿಗೂ ತಿಳಿಯಲಿಲ್ಲ. ಕೋಲು ಚೆಂಡಿಗೆ ತಗುಲಿದ ಸಪ್ಪಳದಿಂದ, ಹೊಡೆದವನ ಭುಜ ತಿರುಗಿದ ರೀತಿಯಿಂದ ಅವನು ಚೆಂಡಿನ ಜಾಗ ಊಹಿಸುತ್ತಿದ್ದ. ಕ್ಲಬ್ಬಿನ ಸಾಹೇಬರ ಹೊಡೆತಗಳು ಅವನಿಗೆ ಬಾಯಿಪಾಠವಾಗಿದ್ದವು. ಯಲ್ಲೇಶನ ಹೊಡೆತ ಹೊಸದು.

ಯಲ್ಲೇಶ್ ಅವನನ್ನೇ ಕೇಳಿ ಪಡೆದಿದ್ದ. ಬಳ್ಳಾರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವರ ಮಗ ಅವನು. ಹುಡುಗನಾಗಿದ್ದಾಗ ತಾನೂ ಚೀಲ ಹೊತ್ತು, ಯಾರೋ ಬಿಸಾಡಿದ ಒಂದೇ ಕೋಲಿನಿಂದ ಮರಗಳ ಅಡಿಯಲ್ಲಿ ಆಡಿ ಕಲಿತವನು. "ಸರ್ ಅನ್ನಬ್ಯಾಡ್ರಿ, ನಾನೂ ನಿಮ್ಮವನ" ಎಂದು ಮೊದಲ ದಿನವೇ ಹೇಳಿದ್ದ. ಹುಲುಗಪ್ಪನ ನಾಲಿಗೆಗೆ ಅದು ಒಗ್ಗಲಿಲ್ಲ. ಆದರೆ ಬೆನ್ನ ಮೇಲೆ 'ಯಲ್ಲೇಶ್' ಎಂದು ಬರೆದ ಬಿಳಿ ಮೇಲಂಗಿ ಕೊಟ್ಟಾಗ ಅದನ್ನು ಎರಡು ಸಲ ಮಡಿಚಿ, ಮತ್ತೆ ಬಿಚ್ಚಿ ನೋಡಿದ್ದ. ತಾನು ಕೈಯಾರೆ ನೆಟ್ಟ ಹುಲ್ಲಿನ ಮೇಲೆ ದೇಶದ ದೊಡ್ಡ ಆಟಗಾರರು ಆಡುವ ಪಂದ್ಯ ಅವನ ಆಯುಸ್ಸಿನಲ್ಲಿ ಇದೇ ಮೊದಲು.

ಅಭ್ಯಾಸ ಮುಗಿದ ಮೇಲೆ ಕೋಲುಗಳನ್ನು ತೊಳೆಯುತ್ತ ಕೂತವನ ಹತ್ತಿರ ಭರಮಮ್ಮ ಬಂದು ನಿಂತಳು. ಕಳೆ ತೆಗೆಯುವ ಕುರ್ಚಿಗಿ ಅವಳ ಸೊಂಟದಲ್ಲಿತ್ತು.

"ಅವನಿಗೆ ಗೊತ್ತಾತು" ಎಂದ ಹುಲುಗಪ್ಪ.

"ಏನಂದ?"

"ಗಾಳಿ ಅಂದ."

"ನೀವೇನಂದ್ರಿ?"

"ನಾನೂ ಹೂಂ ಅಂದೆ."

ಭರಮಮ್ಮ ಬಕೆಟ್ಟಿನ ನೀರಿನಲ್ಲಿ ತನ್ನ ಕೈ ತೊಳೆದುಕೊಂಡಳು. "ಆ ಗಾಳಿಗೆ ಬಾಯಿ ಇದ್ದಿದ್ರ ಇಬ್ಬರಿಗೂ ಬೈತಿತ್ತು" ಎಂದು ಹೇಳಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಹೋದಳು.

ಸಂಜೆ ಐದಕ್ಕೆ ಕ್ಯಾಡಿಗಳೆಲ್ಲ ಶೆಡ್ಡಿನ ಮುಂದಿನ ಹೊಂಗೆ ಮರದಡಿ ಸೇರಿದರು. ಯಾವುದೇ ಪಂದ್ಯದ ಮುನ್ನಾದಿನ ಅಲ್ಲೊಂದು ಪದ್ಧತಿ. ಕ್ಯಾಡಿಗಳ ಮೇಸ್ತ್ರಿ ಪಕೀರಪ್ಪ ಗಾರೆ ಕೆಲಸದ ಕಬ್ಬಿಣದ ಬುಟ್ಟಿಯಲ್ಲಿ ಮರಳು ತುಂಬಿ ಇಡುತ್ತಾನೆ. ಮರಳಿನಲ್ಲಿ ಆಟಗಾರರ ಹೆಸರಿನ ಚೀಟಿಗಳನ್ನು ನಿಲ್ಲಿಸುತ್ತಾನೆ. ಒಬ್ಬೊಬ್ಬ ಕ್ಯಾಡಿಯೂ ಚೆಂಡು ಇಡುವ ಬೆರಳುದ್ದದ ಮರದ ಕಡ್ಡಿಯೊಂದನ್ನು, ಗೆಲ್ಲುವವನೆಂದು ತನಗೆ ತೋರಿದವನ ಚೀಟಿಯ ಮುಂದೆ ಚುಚ್ಚಬೇಕು, ಯಾಕೆಂದು ಹೇಳಬೇಕು. ಹಣದ ಮಾತಿಲ್ಲ. ನಿಯಮ ಒಂದೇ: ತಾನು ಚೀಲ ಹೊರುವವನಿಗೆ ತಾನೇ ಚುಚ್ಚಬಾರದು. "ಹೆತ್ತಾಕಿಗೆ ಹೆಗ್ಗಣ ಮುದ್ದು" ಎನ್ನುತ್ತಿದ್ದ ಪಕೀರಪ್ಪ. "ಚೀಲ ಹೊತ್ತಾವಗ ಖರೇ ಕಾಣಂಗಿಲ್ಲ."

ಮೊದಲು ಎದ್ದವನು ಅಂಜಿನೇಯ. ಮೂವತ್ತರ ಹತ್ತಿರದ ಕ್ಯಾಡಿ, ಓಟಗಾರನ ಕಾಲು, ಹದ್ದಿನ ಕಣ್ಣು, ಬಾಯಿಗೆ ಮಾತ್ರ ಬೀಗವಿಲ್ಲ. ಹೆಸರು ಬರೆಸುವ ದಿನ ತಡವಾಗಿ ಬಂದದ್ದರಿಂದ ಅವನಿಗೆ ಚೀಲ ಸಿಕ್ಕಿರಲಿಲ್ಲ. ಬಾವುಟ ಹಿಡಿಯುವ ಕೆಲಸ ಸಿಕ್ಕಿತ್ತು.

"ಚಂಡೀಗಢದ ಹುಡುಗ, ಬರಕೊಳ್ರಿ. ಈ ವರ್ಷ ಎರಡು ಗೆದ್ದಾನ. ಇಲ್ಲಿ ಹೊಡೆದ್ರ ಹೊಸಪೇಟಿ ಬಸ್ ಸ್ಟ್ಯಾಂಡಿನ್ಯಾಗ ಬೀಳತೈತಿ."

"ಅಲ್ಲಿಂದ ಬಸ್ ಹತ್ತಿ ವಾಪಸ್ ಬರ್ತೈತೇನಲೇ?" ಎಂದ ಲಿಂಗರಾಜ್. ಎಲ್ಲರೂ ನಕ್ಕರು. ಲಿಂಗರಾಜ್ ತನ್ನ ಕಡ್ಡಿಯನ್ನು ಕೋಲ್ಕತ್ತಾದವನಿಗೆ ಚುಚ್ಚಿದ. "ಎರಡು ದಿನದಾಗ ಗ್ರೀನಿನ ಮ್ಯಾಲ ಒಂದೂ ತಪ್ಪಿಲ್ಲ. ಉದ್ದ ಹೊಡದಾವ ಚಪ್ಪಾಳಿ ತಗೋತಾನ, ಕುಳಿಗೆ ಹಾಕಿದಾವ ಕಪ್ ತಗೋತಾನ."

"ನಿನ್ನ ಕೋಲ್ಕತ್ತಾ ಮನಶ್ಯಾ ಕುಳಿಗೆ ಬರೋದ್ರೊಳಗ ಕತ್ತಲಾಗತೈತಿ. ನಿನ್ನೆ ಒಂದು ಹೊಡೆತಕ್ಕ ಎಷ್ಟೊತ್ತು ಕುಂತಿದ್ದ? ನಾ ಎರಡು ಸಲ ಚಾ ಕುಡದೆ" ಎಂದ ಅಂಜಿನೇಯ.

ಹೀಗೆ ಮಾತು ಬೆಳೆಯಿತು. ಕಡ್ಡಿಗಳೆಲ್ಲ ಎರಡು ಚೀಟಿಗಳ ಮುಂದೆಯೇ ನಿಂತವು. ಅಂಜಿನೇಯ ಬುಟ್ಟಿಯ ಅಂಚಿನಲ್ಲಿದ್ದ ಒಂದು ಚೀಟಿಯತ್ತ ಬಗ್ಗಿ, "ಯಲ್ಲೇಶಣ್ಣನ ಮುಂದ ಬರೀ ಮರಳು ನೋಡ್ರಿ. ಬೆಕ್ಕಿಗೆ ಬಿಟ್ರ ಉಪಯೋಗ ಆಗತೈತಿ" ಎಂದ. ನಗು ಎದ್ದು, ಹುಲುಗಪ್ಪನ ಮುಖ ಕಂಡು ಅರ್ಧಕ್ಕೆ ನಿಂತಿತು.

ಪಕೀರಪ್ಪ ಕೊರಳಿನ ಸೀಟಿಯನ್ನು ಬದಿಗೆ ಸರಿಸಿ, "ಹುಲುಗಪ್ಪ, ನಿಂದೊಂದು ಉಳೀತು. ಹೇಳಪ್ಪ" ಎಂದ. ಎಲ್ಲರೂ ಹತ್ತಿರ ಸರಿದರು. ಅವನ ಕಡ್ಡಿ ಸುಳ್ಳಾದದ್ದು ಕಡಿಮೆ.

ಹುಲುಗಪ್ಪ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಬೆಳಿಗ್ಗೆ ಹತ್ತರ ತನಕ ಅಂಜಿನೇಯನ ಮಾತು ಖರೆ. ಹತ್ತರ ಮ್ಯಾಲ ಗುಡ್ಡದ ಗಾಳಿ ಇಳೀತೈತಿ. ಈಗ ಎರಡು ದಿನ ಅದು ಸುಮ್ಮನ ಐತಿ, ನಾಳೆಯಿಂದ ಇರಂಗಿಲ್ಲ. ಇವತ್ತು ಇರಿವಿ ಸಾಲು ನೋಡಿದ್ರಿಲ್ಲ? ಗಾಳಿ ಬರೋ ಗುರುತು ಅದು. ಎತ್ತರಕ್ಕ ಹೋದ ಚೆಂಡು ಗಾಳಿ ಪಾಲು."

"ಮತ್ತ ಕೋಲ್ಕತ್ತಾದಾವ?" ಲಿಂಗರಾಜ್ ಕೇಳಿದ.

"ಅವನ ಕಣ್ಣು ಭಾಳ ಛಲೋ ಅದಾವು. ಅದೇ ತೊಂದ್ರಿ. ಗುಡ್ಡ ಕಂಡ ಕೂಡ್ಲೆ ನೆಲ ಈ ಕಡೆ ಇಳಿದೈತಿ ಅಂತ ಅನ್ನಸತೈತಿ. ನೀರು ಬಿಟ್ಟು ನೋಡು, ಏಳನೇದು, ಒಂಬತ್ತನೇದು, ಹದಿನಾಲ್ಕನೇದು, ಮೂರೂ ಗುಡ್ಡದ ಕಡೆಗೇ ಹರೀತಾವು. ಹುಲ್ಲು ತುಸು ಉದ್ದ ಇದ್ದಾಗ ಅದು ಗೊತ್ತಾಗಂಗಿಲ್ಲ. ನಾಳೆ ನಸುಕಿನ್ಯಾಗ ಗಿಡ್ಡ ಕೊಯ್ತಾರ. ಆವಾಗ ನೋಡು."

"ಹಂಗಾದ್ರ ಯಾರಣ್ಣ?"

ಹುಲುಗಪ್ಪ ಜೇಬಿನಿಂದ ಕಡ್ಡಿ ತೆಗೆದ. ಅದನ್ನು ಬೆರಳುಗಳ ನಡುವೆ ಒಂದು ಸುತ್ತು ತಿರುಗಿಸಿದ. "ನೆಲ ಹಿಡದು ಗಾಳಿ ಕೆಳಗ ಹೊಡಿಯಾವ ಬೇಕು. ಈ ಕೆಂಪು ಮಣ್ಣಿನ್ಯಾಗ ಚೆಂಡು ಎಷ್ಟು ಓಡತೈತಿ ಅಂತ ತಿಳಿದಾವ ಬೇಕು." ಬುಟ್ಟಿಯ ಅಂಚಿಗೆ ಕೈ ಚಾಚಿ, ಬರಿದಾಗಿದ್ದ ಮರಳಿನಲ್ಲಿ, ಯಲ್ಲೇಶನ ಚೀಟಿಯ ಮುಂದೆ ಅದನ್ನು ಚುಚ್ಚಿದ.



"ಅಣ್ಣಾ, ಅದು ನಿಮ್ಮ ಚೀಲ!" ಅಂಜಿನೇಯ ಕೂಗಿದ. "ಪಕೀರಪ್ಪಣ್ಣ, ನೋಡ್ರಿ, ಹಿರ್ಯಾರ ಹಿಂಗ ಮಾಡಿದ್ರ?"

"ಕೀಳು ಹುಲುಗಪ್ಪ" ಎಂದ ಪಕೀರಪ್ಪ. "ನಿಯಮ ನಿನಗ ಗೊತ್ತಿಲ್ದದ್ದಲ್ಲ."

ಹುಲುಗಪ್ಪ ಕೀಳಲಿಲ್ಲ. ಎದ್ದು ನಿಂತು, ಬಿಳಿ ಮೇಲಂಗಿಯನ್ನು ತಲೆಯ ಮೇಲಿಂದ ತೆಗೆದು, ಹೆಸರು ಮೇಲೆ ಬರುವಂತೆ ಮಡಿಚಿ ಪಕೀರಪ್ಪನ ಪಕ್ಕದ ಬೆಂಚಿನ ಮೇಲೆ ಇಟ್ಟ.

"ನನ್ನ ಚೀಲ ಆಗಿದ್ರ ಚುಚ್ತಿರಲಿಲ್ಲ. ನನಗ ಚೆಂಡು ಕಾಣವಲ್ದು ಪಕೀರಪ್ಪ. ಒಂದೂವರಿ ವರ್ಷ ಆತು."

"ಒಂದೂವರಿ ವರ್ಷ! ಮತ್ತ ದಿನಾ ಹೆಂಗ ಮಾಡಿದಿ?"

"ಸಪ್ಪಳ ಕೇಳಿ."

ಹೊಂಗೆ ಮರದಲ್ಲಿ ಹಕ್ಕಿಗಳು ಗೂಡಿಗೆ ಬರುವ ಗದ್ದಲ. ಪಕೀರಪ್ಪ ಅಂಗಿಯ ಮೇಲೆ ಕೈಯಿಟ್ಟ. ಆಮೇಲೆ, "ಯಾರಿಗೆ ಕೊಡಲಿ?" ಎಂದು ಮೆಲ್ಲಗೆ ಕೇಳಿದ.

"ಅಂಜಿನೇಯಗ ಕೊಡು. ಆ ಬೆಕ್ಕಿಗೆ ಬಿಟ್ಟ ಚೀಲ ಅವನೇ ಹೊರಲಿ."

ಅಂಜಿನೇಯ ತಲೆ ತಗ್ಗಿಸಿದ. "ಅಣ್ಣ, ನಾ ಹಂಗ ಅಂದಿದ್ದು..."

"ಕಣ್ಣು ನಿನ್ನಷ್ಟು ಇಲ್ಲಿ ಯಾರಿಗೂ ಇಲ್ಲ. ಬಾಯಿ ಮುಚ್ಚಿದ್ರ ಕಿವಿನೂ ಬರ್ತಾವು."

ಸುದ್ದಿ ತಿಳಿದು ಯಲ್ಲೇಶ್ ಶೆಡ್ಡಿಗೆ ಬರುವಷ್ಟರಲ್ಲಿ ಹೊತ್ತು ಗುಡ್ಡದ ನೆತ್ತಿಗೆ ತಾಗಿತ್ತು. ಅವನು ಹುಲುಗಪ್ಪನನ್ನು ಬದಿಗೆ ಕರೆದ. "ಅಣ್ಣ, ನಾ ಏನರ ಕೇಳಿದ್ನಾ ನಿಮಗ?"

"ಕೇಳಿದ್ರ ಸುಳ್ಳು ಹೇಳ್ತಿದ್ದೆ. ನೀವು ಕೇಳ್ಲಿಲ್ಲ. ಅದಕ್ಕ ಹೇಳಬೇಕಾತು."

"ಚೆಂಡು ನಾ ನೋಡ್ಕೋತೀನಿ. ನೀವು ನೆಲ ಹೇಳ್ರಿ, ಅಷ್ಟು ಸಾಕು ನನಗ."

ಹುಲುಗಪ್ಪನಿಗೆ ಹೂಂ ಎನ್ನಬೇಕೆಂದು ಎಷ್ಟು ಆಸೆಯಾಯಿತೆಂದರೆ, ಬೆಂಚಿನ ಮೇಲಿನ ಅಂಗಿಯ ಕಡೆ ಕೈ ತಾನಾಗಿ ಅರ್ಧ ಎದ್ದಿತು. ಅದನ್ನು ಹಿಂದಕ್ಕೆ ತೆಗೆದುಕೊಂಡ. "ಹನ್ನೊಂದನೇದರಾಗ ಎದುರು ಬಿಸಿಲು. ನಿಮಗೂ ಕಾಣಂಗಿಲ್ಲ, ನನಗೂ ಕಾಣಂಗಿಲ್ಲ. ಮೂರ ನಿಮಿಷ ತಮ್ಮಾ. ನೆಲ ಬೇಕಾದ್ರ ಈಗ ಅಂಜಿನೇಯಗ ಹೇಳಿ ಕೊಡ್ತೀನಿ. ಇನ್ನೂ ಬೆಳಕೈತಿ."

ಇಬ್ಬರನ್ನೂ ಕರೆದುಕೊಂಡು ಹೋಗಿ ಏಳನೇ ಗ್ರೀನಿನ ಅಂಚಿನಲ್ಲಿ ಹುಲುಗಪ್ಪ ನಿಂತ. "ಬೂಟು ಬಿಚ್ಚೋ."

ಅಂಜಿನೇಯ ಬಿಚ್ಚಿದ. ಯಲ್ಲೇಶನೂ, ಯಾರೂ ಹೇಳದೆಯೇ, ಬಿಚ್ಚಿದ.

"ನೀರು ಯಾವ ಕಡೆ ಹೋಗತೈತಿ?"

ಅಂಜಿನೇಯ ರಸ್ತೆಯ ಕಡೆಗೆ ಕೈ ತೋರಿಸಿದ.

"ಅದು ಕಣ್ಣಿನ ಮಾತು. ಮುಚ್ಚು. ಎರಡೂ ಕಾಲ ಮ್ಯಾಲ ಸಮ ನಿಲ್ಲು. ಜಲ್ದಿ ಮಾಡಬ್ಯಾಡ."

ಮೂವರೂ ಕಣ್ಣು ಮುಚ್ಚಿ ಹುಲ್ಲಿನ ಮೇಲೆ ನಿಂತರು. ಬಹಳ ಹೊತ್ತಿನ ಮೇಲೆ ಅಂಜಿನೇಯ, "ಅಣ್ಣ, ಎಡಗಾಲು ಭಾರ ಆತು" ಎಂದ. ಗುಡ್ಡ ಅವನ ಎಡಕ್ಕಿತ್ತು. ಹುಲುಗಪ್ಪ ಮುಂದಿನ ಗ್ರೀನಿನ ಕಡೆ ಹೊರಟ. ಹುಲ್ಲು ಕಾಣದಷ್ಟು ಕತ್ತಲಾಗುವಷ್ಟರಲ್ಲಿ ಆರು ಗ್ರೀನುಗಳಾದವು. ಉಳಿದವನ್ನು ಅವನು ಬಾಯಲ್ಲಿ ಹೇಳಿದ. ಅಂಜಿನೇಯ ಎರಡೆರಡು ಸಲ ಹೇಳಿ ಒಪ್ಪಿಸಿದ.

ಬೆಳಿಗ್ಗೆ ಹುಲುಗಪ್ಪನಿಗೆ ಮೊದಲನೇ ಹೋಲಿನ ಹಗ್ಗದ ಬಳಿ ಕೆಲಸ ಕೊಟ್ಟರು. 'ದಯವಿಟ್ಟು ಮೌನ' ಎಂದು ಬರೆದ ಹಲಗೆಯನ್ನು ಎತ್ತಿ ಹಿಡಿಯಬೇಕು. ಪಕ್ಕದಲ್ಲಿ ಭರಮಮ್ಮ ಮರಳಿನ ಬಕೆಟ್ಟಿನೊಂದಿಗೆ ಕೂತಿದ್ದಳು. ಆಟಗಾರರು ಕಿತ್ತ ಹುಲ್ಲಿನ ಜಾಗ ತುಂಬುವುದು ಅವಳ ಪಾಲಿಗಿತ್ತು. ಚಂಡೀಗಢದ ಹುಡುಗ ಹೊಡೆದು ಹೋದ, ಜನ ಅವನ ಹಿಂದೆ ಹೋದರು. ಯಲ್ಲೇಶನ ಹೆಸರು ಕೂಗಿದಾಗ ಹಗ್ಗದ ಬಳಿ ಹತ್ತು ಜನವೂ ಉಳಿದಿರಲಿಲ್ಲ. ಹುಲುಗಪ್ಪ ಹಲಗೆಯನ್ನು ಎತ್ತಿದ.

ಕೋಲು ಚೆಂಡಿಗೆ ತಗುಲಿತು. ಒಣ ಕಟ್ಟಿಗೆ ಮುರಿದಂಥ ಸಪ್ಪಳ. ತಗ್ಗಿನಲ್ಲಿ ಹೋಯಿತು ಎಂದಷ್ಟು ತಿಳಿಯಿತು. ಅವನು ಹಲಗೆ ಇಳಿಸಿ, ಬೆಳಕಿನ ಕಡೆ ಮುಖ ಮಾಡಿ ನಿಂತ. ಒಂದೂವರೆ ವರ್ಷದಲ್ಲಿ ಆ ಮೈದಾನದಲ್ಲಿ ಯಾರನ್ನೂ ಕೇಳದಿದ್ದ ಮಾತನ್ನು ಆಗ ಬಾಯಿ ಬಿಟ್ಟು ಕೇಳಿದ.

"ಎಲ್ಲಿ ಬಿತ್ತು?"

ಭರಮಮ್ಮ ಎದ್ದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಇನ್ನೂ ಓಡಾಕತ್ತೈತಿ" ಎಂದಳು. "ತಡೀರಿ. ಹೇಳ್ತೀನಿ."