ಡೋಪಮೈನ್ ಮಾಸ್ತರರು

ಗೋಕಾಕದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಬಾಣಂತಿಗಿಂತ ಹೆಚ್ಚು ದಣಿಯುತ್ತಿದ್ದವರು ವಿಜ್ಞಾನದ ಮಾಸ್ತರರು. ತಮ್ಮ ಕತ್ತಿನ ಹಿಂದೆ ಬೆರಳಿಟ್ಟು, ನೆತ್ತಿಯ ಮೇಲೆ ಹಾಯಿಸಿ, ಹಣೆಗೆ ತಂದು ನಿಲ್ಲಿಸುವರು. “ಆಸೆ ಹುಟ್ಟಿಸೋ ಡೋಪಮೈನ್ ತಂತಿ ಇಲ್ಲಿಂದ ಇಲ್ಲೀತನಕಾ ಬರಾಕ ಹರೇದ ವಯಸ್ಸು ದಾಟಬೇಕ್ರಿ. ವೈರಿಂಗ್ ಇನ್ನ ನಡದೈತಿ. ಈಗ ಮೊಬೈಲ್ ತೋರಿಸಿದ್ರ ಕೆಟ್ಟಹೋತು.”

ಬಾಜೂ ಮನೆಯ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳಲು ಬಗ್ಗಿದಳು. ರೂಢಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಲು ಕೈಯೆತ್ತಿದರು. “ಗದ್ದಲ ಬ್ಯಾಡ್ರಿ, ವೈರಿಂಗ್ ನಡದೈತಿ” ಎಂದು ಎಲ್ಲರನ್ನೂ ಸರಿಸಿದ ಮಾಸ್ತರರು ತಮ್ಮ ಮೊಬೈಲನ್ನೇ ಕೂಸಿನ ಮೂಗಿನ ಮೇಲೆ ಹಿಡಿದು ಫೋಟೊ ತೆಗೆದು, ಓಣಿಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಆಮೇಲೆ ಉಪನ್ಯಾಸ ಶುರುವಾಯಿತು. ನಡುವೆ ಮೊಬೈಲ್ ಟಿಣ್ ಎಂದಿತು. ಕೂಸು ಅಲುಗಲಿಲ್ಲ, ಮಾಸ್ತರರು ಮಾತು ಅರ್ಧಕ್ಕೆ ಬಿಟ್ಟು ಕಿಸೆಗೆ ಕೈಹಾಕಿದರು. ಮತ್ತೆ ಟಿಣ್, ಮತ್ತೆ ಕಿಸೆ.

ಕೂಸಿನ ಅಜ್ಜಿ ತೊಟ್ಟಿಲು ತೂಗುತ್ತಲೇ ಕೇಳಿದಳು: “ಕೂಸಿಂದು ಇರಲಿ ಮಾಸ್ತರ, ನಿಮ್ಮ ತಂತಿ ಎಲ್ಲೀತನಕಾ ಬಂದೈತ್ರಿ?”

ಮಾಸ್ತರರ ಬೆರಳು ಹಣೆಯ ಕಡೆ ಹೊರಟಿತ್ತು. ಅಷ್ಟರಲ್ಲಿ ಮೊಬೈಲ್ ಟಿಣ್ ಎಂದಿತು. ಬೆರಳು ಕಿಸೆಗೆ ಇಳಿಯಿತು.